ಡಬ್ಬಿಯಲ್ಲಿದ್ದ ಎಡಗೈ

ಬಿಡುವಿನಲ್ಲಿ ಏನು ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ ನಿಜ ಹೇಳಬಾರದು ಎಂದು ನನ್ನ ಗಂಡ ತಾಕೀತು ಮಾಡಿದ್ದಾರೆ. ಕನ್ನಡ ಸಂಘದ ಊಟದ ಸಾಲಿನಲ್ಲಿ ಒಮ್ಮೆ ಹೇಳಿಬಿಟ್ಟಿದ್ದೆ. ಹಳೇ ಸ್ಪೋರ್ಟ್ಸ್ ಕಾರುಗಳಿಗೆ ಕಟ್ಟಿಗೆಯ ಗೇರ್ ನಾಬ್ ಮಾಡುತ್ತೇನೆ, ಗೇರಿನ ಕೋಲಿನ ತುದಿಗೆ ಹಿಡಿಯಲು ಗುಂಡಗೆ ಇರುತ್ತದಲ್ಲ, ಅದನ್ನು. ಮುಂದೆ ನಿಂತಿದ್ದ ಆಂಟಿ ತಟ್ಟೆ ಹಿಡಿದುಕೊಂಡೇ ತಿರುಗಿ, "ಅದೊಂದೇನಾ? ಮಿಕ್ಕಿದ್ ಕಾರ್ ಯಾರ್ ಮಾಡ್ತಾರೆ?" ಎಂದರು. ಅದಾದ ಮೇಲೆ ನಾನು ತೋಟಗಾರಿಕೆ ಎಂದು ಹೇಳುತ್ತೇನೆ. ನಾವಿರುವುದು ಸಿಡ್ನಿಯ ಎಪ್ಪಿಂಗ್‌ನಲ್ಲಿ, ಅಪಾರ್ಟ್‌ಮೆಂಟೊಂದರ ಎಂಟನೇ ಮಹಡಿಯಲ್ಲಿ, ಆದರೂ ಯಾರೂ ಮುಂದೆ ಕೇಳುವುದಿಲ್ಲ.

ಹೊಟ್ಟೆಪಾಡಿಗೆ ಪ್ಯಾರಮಟ್ಟಾದ ಒಂದು ಆಫೀಸಿನಲ್ಲಿ ಬೇರೆಯವರು ಬರೆದ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುತ್ತೇನೆ. ಸಂಬಳ ಕೊಡದಿದ್ದರೂ ನಾನು ಆ ಕೆಲಸ ಮಾಡುತ್ತಿದ್ದೆ ಎಂಬುದು ಗಂಡನ ಅಭಿಪ್ರಾಯ.

ಈ ನಾಬ್‌ಗಳ ಉಸಾಬರಿ ಶುರುವಾದದ್ದೂ ಅವರಿಂದಲೇ. ನಲವತ್ತೈದು ತುಂಬಿದಾಗ ಕೆಲವು ಗಂಡಸರು ಮ್ಯಾರಥಾನ್ ಓಡುತ್ತಾರೆ, ಕೆಲವರು ಸಿರಿಧಾನ್ಯ ತಿನ್ನುತ್ತಾರೆ. ಇವರು ನಮ್ಮಿಬ್ಬರಿಗಿಂತ ವಯಸ್ಸಾದ, ಎರಡೇ ಸೀಟಿನ, ಛಾವಣಿ ಸೋರುವ ಇಂಗ್ಲಿಷ್ ಕಾರೊಂದನ್ನು ಮನೆಗೆ ತಂದರು. ನಾವಿರುವುದು ಮೂರು ಜನ. ಮಗಳು ಎಲ್ಲಿ ಕೂಡಬೇಕು ಎಂದು ಕೇಳಿದರೆ, "ಅಕಿ ಟ್ರೇನಿನ್ಯಾಗ ಬರ್ತಾಳ ತಗೋ" ಎಂದರು. ಆ ಕಾರಿಗೆ ಗೇರ್ ನಾಬ್ ಇರಲಿಲ್ಲ. ಬೋಳು ಕಬ್ಬಿಣದ ತುದಿ ಅಂಗೈಗೆ ಚುಚ್ಚುತ್ತಿತ್ತು. ಅದೇ ವಾರ ನನ್ನ ಲಟ್ಟಣಿಗೆಯೂ ಮುರಿಯಿತು. ಹುಬ್ಬಳ್ಳಿಯಿಂದ ತಂದ ಸಾಗವಾನಿಯ ಲಟ್ಟಣಿಗೆ ಅದು. ಸಿಡ್ನಿ ಏರ್‌ಪೋರ್ಟಿನಲ್ಲಿ ಅಧಿಕಾರಿಯೊಬ್ಬ ಅದರಲ್ಲಿ ಹುಳು ಇದೆಯೇ ಎಂದು ಟಾರ್ಚ್ ಬಿಟ್ಟು ನೋಡಿ ಒಳಗೆ ಬಿಟ್ಟಿದ್ದ. ಅಷ್ಟು ಕಷ್ಟಪಟ್ಟು ಈ ದೇಶಕ್ಕೆ ಬಂದದ್ದನ್ನು ಕಸಕ್ಕೆ ಹಾಕಲು ನನಗೆ ಮನಸ್ಸಾಗಲಿಲ್ಲ.

ನಮ್ಮ ಸಬರ್ಬಿನಲ್ಲಿ ನಿವೃತ್ತ ಗಂಡಸರು ಸೇರಿ ನಡೆಸುವ ಮರಗೆಲಸದ ಶೆಡ್ ಒಂದಿದೆ. ಹೆಂಡತಿಯರಿಂದ ತಪ್ಪಿಸಿಕೊಳ್ಳಲೆಂದು ಕಟ್ಟಿಕೊಂಡ ಜಾಗ. ಅಲ್ಲಿಗೆ ಚೂಡಿದಾರ ತೊಟ್ಟ ಹೆಂಗಸೊಬ್ಬಳು ಲಟ್ಟಣಿಗೆ ಹಿಡಿದು ಒಳಗೆ ಬಂದಾಗ ಅವರ ಮುಖ ನೋಡಬೇಕಿತ್ತು. ಲೇತ್ ಎಲ್ಲಿದೆ ಎಂದು ಕೇಳಿದ ಮೇಲೆ ಸ್ವಲ್ಪ ಸುಧಾರಿಸಿಕೊಂಡರು. ಮಂಗಳವಾರ, ಗುರುವಾರ ಸಂಜೆ ಹೋಗಿ ಹೋಗಿ, ಉಳಿ ಹಿಡಿಯುವುದು, ತಿರುಗುವ ಕಟ್ಟಿಗೆಗೆ ಅದನ್ನು ತಾಗಿಸುವುದು, ನಡುವೆ ತೂತು ಕೊರೆದು ಹಿತ್ತಾಳೆಯ ತಿರುಪು ಕೂರಿಸುವುದು ಎಲ್ಲ ಕಲಿತೆ. ಆ ಲಟ್ಟಣಿಗೆಯ ತುಂಡೇ ನನ್ನ ಮೊದಲ ಗೇರ್ ನಾಬ್.

ಗಂಡನ ಹಳೇ ಕಾರಿನ ಗೆಳೆಯರು ಅದನ್ನು ನೋಡಿದರು. ಇವರೆಲ್ಲ ಭಾನುವಾರ ಮುಂಜಾನೆ ಒಂದು ಪಾರ್ಕಿನ ಪಕ್ಕದಲ್ಲಿ ಕಾರು ನಿಲ್ಲಿಸಿ, ಕಾಫಿ ಕುಡಿಯುತ್ತಾ ಒಬ್ಬರ ಇಂಜಿನ್ ಇನ್ನೊಬ್ಬರು ಇಣುಕಿ ನೋಡಿ ನಿಟ್ಟುಸಿರು ಬಿಡುವ ಜನ. ಒಬ್ಬನಿಗೆ ಮಾಡಿಕೊಟ್ಟೆ, ಹತ್ತು ಜನ ಕೇಳಿದರು. ಎಲ್ಲರೂ ನನ್ನ ಮೈಬಣ್ಣ ನೋಡಿ, ಇದು ತಲೆತಲಾಂತರದಿಂದ ಬಂದ ಕಲೆಯೇ ಎಂದು ಕಣ್ಣರಳಿಸಿ ಕೇಳುತ್ತಿದ್ದರು. ನಮ್ಮಪ್ಪ ಬ್ಯಾಂಕಿನಲ್ಲಿ ಗುಮಾಸ್ತ, ಪೆನ್ಸಿಲ್ ಕೆತ್ತಲು ಹೋದರೂ ಬೆರಳು ಕೊಯ್ದುಕೊಳ್ಳುತ್ತಿದ್ದರು. ಮೊದಮೊದಲು ಹಾಗೆಂದು ಹೇಳುತ್ತಿದ್ದೆ. ಅವರಿಗೆ ಎಷ್ಟು ನಿರಾಸೆಯಾಗುತ್ತಿತ್ತೆಂದರೆ ಪಾಪ ಅನ್ನಿಸಿ, ಆಮೇಲೆ ಸುಮ್ಮನೆ ನಗುವುದನ್ನು ಅಭ್ಯಾಸ ಮಾಡಿಕೊಂಡೆ.

ತಲೆತಲಾಂತರದಿಂದ ಬಂದದ್ದು ಒಂದೇ ಒಂದು ಇತ್ತು, ಅದು ಅಡುಗೆಮನೆಯದು. ನಮ್ಮ ಕಡೆ ಮುಟಗಿ ಎಂದು ಮಾಡುತ್ತಾರೆ. ಬಿಸಿ ಜೋಳದ ರೊಟ್ಟಿಯನ್ನು ಬೆಳ್ಳುಳ್ಳಿ, ಖಾರ, ತುಪ್ಪ ಹಾಕಿ ಕುಟ್ಟಿ, ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಸುಕಿ ಕೊಡುವುದು. ಹಿಸುಕಿದವರ ನಾಲ್ಕು ಬೆರಳಿನ ಗುರುತು ಅದರ ಮೇಲೆ ಹಾಗೆಯೇ ಉಳಿಯುತ್ತದೆ. ಚಿಕ್ಕವಳಿದ್ದಾಗ ತಟ್ಟೆಯಲ್ಲಿ ಬಿದ್ದ ಮುಟಗಿ ಅವ್ವನದೋ ಅತ್ತೆಯದೋ ಎಂದು ಆ ತಗ್ಗುಗಳನ್ನು ನೋಡಿಯೇ ಹೇಳುತ್ತಿದ್ದೆ. ಅತ್ತೆ ಹಿಸುಕಿದ್ದಾದರೆ ತಂಗಿಯ ತಟ್ಟೆಗೆ ದಾಟಿಸುತ್ತಿದ್ದೆ.

ಒಬ್ಬ ಗಿರಾಕಿ ನಾಬ್ ತನ್ನ ಕೈಗೆ ಕೂರುತ್ತಿಲ್ಲ ಎಂದು ಮೂರು ಸಲ ವಾಪಸ್ ತಂದಾಗ ಸಿಟ್ಟು ಬಂದು, ಗಟ್ಟಿಯಾಗಿ ನಾದಿದ ಗೋಧಿ ಕಣಕದ ಉಂಡೆಯೊಂದನ್ನು ಅವನ ಎಡಗೈಗೆ ತುರುಕಿ, ಹಿಸುಕು ಎಂದೆ. ನಮ್ಮಲ್ಲಿಯಂತೆ ಇಲ್ಲೂ ಗೇರ್ ಹಾಕುವುದು ಎಡಗೈಯಲ್ಲಿ. ಹಿಸುಕಿದ. ಅವನ ಕೈ ಪೂರ್ತಿಯಾಗಿ ಅದರಲ್ಲಿ ಬಂತು. ಅಳತೆ ತೆಗೆದು ಹಾಗೆಯೇ ಕೆತ್ತಿದೆ, ನಾಬ್ ಕೂತಿತು. ಅಂದಿನಿಂದ ಅದೇ ನನ್ನ ಪದ್ಧತಿ. ಜೇಡಿಮಣ್ಣು ಬಳಸಬಹುದಲ್ಲ ಎಂದು ಶೆಡ್ಡಿನ ಮುದುಕರು ಹೇಳಿದರು. ಕಣಕವೇ ಸರಿ ಎಂದು ನಾನು ಹಠ ಹಿಡಿದೆ, ಅದರ ಫಲವನ್ನೂ ಉಂಡೆ. ಫೋನಿನಲ್ಲಿ ಅವ್ವನಿಗೆ ಈ ಕೆಲಸದ ವಿಷಯ ಹೇಳಿದಾಗ ಆಕೆ, "ಎಡಗೈಗೆ ಇಷ್ಟ್ಯಾಕ ಉಪಚಾರ ಯವ್ವಾ? ಅದಕ್ಕ ಬ್ಯಾರೆ ಕೆಲಸ ಐತೆಲ್ಲ" ಎಂದಿದ್ದಳು.

ಮೆಲ್ಬರ್ನಿನ ಅಜ್ಜಿಯೊಬ್ಬರು ನನಗೆ ಸಿಕ್ಕಿದ್ದು ಹೀಗೆ ಮಾಡಿಕೊಟ್ಟವರೊಬ್ಬರ ಮೂಲಕ. ಎಪ್ಪತ್ತೆಂಟು ವರ್ಷ, ಒಂದು ಕಾಲದಲ್ಲಿ ಟ್ರಾಮ್ ಓಡಿಸಿದವರು, ಬಾಯಿ ಬಿಟ್ಟರೆ ಬೈಗುಳ. ಅವರ ಹತ್ತಿರ ಹಸಿರು ಬಣ್ಣದ ಎರಡು ಸೀಟಿನ ಕಾರಿತ್ತು, ಮೊದಲ ಸಂಬಳ ಕೂಡಿಟ್ಟು ಕೊಂಡದ್ದಂತೆ. ಅದರ ನಾಬ್ ನೆಲ್ಲಿಕಾಯಿಯಷ್ಟು ಚಿಕ್ಕದು, ನುಣ್ಣಗಿನದು. ಅಜ್ಜಿಯ ಎಡಗೈ ಸಂಧಿವಾತದಿಂದ ಮುದುಡಿತ್ತು, ಗುಂಡು ಜಾರುತ್ತಿತ್ತು. ಒಂದು ದಿನ ನಾಲ್ಕು ದಾರಿ ಸೇರುವಲ್ಲಿ ಗೇರ್ ಬೀಳದೆ ಕಾರು ನಿಂತುಬಿಟ್ಟಿತು. ಪೊಲೀಸರು ಅವರ ಮಗನನ್ನು ಕರೆಸಿದರು. ಮಗ ಕಾರಿಗೆ ಗಿರಾಕಿ ನೋಡಿಬಿಟ್ಟ. ಅಜ್ಜಿ ರಂಪ ಮಾಡಿದ ಮೇಲೆ ಒಂದು ಒಪ್ಪಂದವಾಯಿತು. ಮುಂದಿನ ತಿಂಗಳು ಒಂದು ಭಾನುವಾರ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಜ್ಜಿ ಡ್ಯಾಂಡಿನಾಂಗ್ ಬೆಟ್ಟ ಹತ್ತಬೇಕು. ಒಂದೇ ಒಂದು ಗೇರ್ ತಪ್ಪಿದರೂ ಕಾರು ಮಾರಾಟ.

"ಗೇರ್ ಹಾಕಬೇಕಿಲ್ಲದ ನನ್ನ ಇನ್ನೊಂದು ಆಟೊಮ್ಯಾಟಿಕ್ ಕಾರಿನ ಮೇಲೆ ಅವನಿಗೆ ತಕರಾರಿಲ್ಲ" ಎಂದರು ಅಜ್ಜಿ ಫೋನಿನಲ್ಲಿ. ಅವರ ಇಂಗ್ಲಿಷನ್ನು ನಾನು ಬೈಗುಳ ತೆಗೆದು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಹಾಗಾಗಿ ಅರ್ಧಕ್ಕರ್ಧ ಕಡಿಮೆಯಾಗಿದೆ. "ಆದರೆ ಅದರಲ್ಲಿ ನಾನು ಬರೀ ಸಾಮಾನು. ಇದರಲ್ಲಿ ಡ್ರೈವರ್."

ನನ್ನ ತಂಗಿಯ ಮನೆ ಮೆಲ್ಬರ್ನಿನ ಪಾಯಿಂಟ್ ಕುಕ್‌ನಲ್ಲಿ, ಅಜ್ಜಿಯ ಮನೆ ಅಲ್ಲಿಂದ ಇಪ್ಪತ್ತು ನಿಮಿಷ. ಒಂದು ಲಾಂಗ್ ವೀಕೆಂಡ್‌ನಲ್ಲಿ ತಂಗಿಯ ಮನೆಗೆ ಹೋದವಳು ಕಣಕ ನಾದಿಕೊಂಡು ಅಜ್ಜಿಯ ಅಡುಗೆಮನೆಗೆ ಹೋದೆ. ಅಜ್ಜಿ ಕೈ ತೊಳೆದು, ಉಂಡೆ ಹಿಡಿದು, ಮಗನ ಹೆಸರು ಹೇಳಿ ಹಿಸುಕಿದರು. ಹೆಬ್ಬೆರಳು, ತೋರುಬೆರಳು, ನಡುಬೆರಳು ಆಳವಾಗಿ ಬಂದವು. ಉಂಗುರ ಬೆರಳೂ ತಕ್ಕಮಟ್ಟಿಗೆ ಬಂತು. ಕಿರುಬೆರಳು ಸುಮ್ಮನೆ ತಾಗಿತ್ತು ಅಷ್ಟೆ. ಮೂರು ಬೆರಳಿನಲ್ಲಿ ಎಳೆಯಬಹುದು, ಸಾಕು ಎಂದೆ. ಮಾಡಿಕೊಡುತ್ತೇನೆ, ಕಾರು ಎಲ್ಲಿಗೂ ಹೋಗುವುದಿಲ್ಲ ಎಂದು ಮಾತು ಕೊಟ್ಟೆ. ಯಾರೂ ಕೇಳದೆ ಮಾತು ಕೊಡುವ ಚಟ ನನಗೆ ಮೊದಲಿನಿಂದಲೂ ಇದೆ.

ವಾಪಸ್ ಬರುವಾಗ ಏರ್‌ಪೋರ್ಟಿನ ತಪಾಸಣೆಯಲ್ಲಿ ಆ ಉಂಡೆ ಇಟ್ಟಿದ್ದ ಸ್ಟೀಲ್ ಡಬ್ಬಿ ತೆಗೆಸಿದರು. ಇದೇನು ಎಂದು ಕೇಳಿದಾಗ ಅವಸರದಲ್ಲಿ, "ಒಬ್ಬರ ಎಡಗೈ" ಎಂದುಬಿಟ್ಟೆ. ಆತ ಎರಡು ಹೆಜ್ಜೆ ಹಿಂದೆ ಸರಿದ. ಪಕ್ಕದ ಸಾಲಿನಿಂದ ಆತನ ಪಂಜಾಬಿ ಸಹೋದ್ಯೋಗಿಯೊಬ್ಬ ಬಂದು ಮುಚ್ಚಳ ತೆಗೆದು ನೋಡಿ, ರೊಟ್ಟಿ ಹಿಟ್ಟು, ಬಿಡು ಎಂದ. ಆಮೇಲೆ ಹಿಂದಿಯಲ್ಲಿ, ಇದರ ಕುತ್ತಿಗೆ ಯಾರು ಹಿಸುಕಿದ್ದು ಎಂದು ನನ್ನನ್ನು ಕೇಳಿದ.

ಡಬ್ಬಿಯನ್ನು ಫ್ರಿಜ್ಜಿನಲ್ಲಿಟ್ಟೆ. ಮಾರನೇ ದಿನ ಆಫೀಸು, ಅದರ ಮಾರನೇ ದಿನ ಶೆಡ್. ಅಳತೆ ಆಗಲೇ ತೆಗೆಯಬೇಕಿತ್ತು, ಫೋಟೋ ಹೊಡೆಯಬೇಕಿತ್ತು, ಡಬ್ಬಿಯ ಮೇಲೆ ಚೀಟಿ ಅಂಟಿಸಬೇಕಿತ್ತು. ದಿನವಿಡೀ ಬೇರೆಯವರ ತಪ್ಪು ಹುಡುಕುವವಳಿಗೆ ಇದೊಂದೂ ಹೊಳೆಯಲಿಲ್ಲ.

ಮರುದಿನ ಸಂಜೆ ಟ್ರೇನಿನಲ್ಲಿದ್ದಾಗ ಮಗಳ ಮೆಸೇಜು ಬಂತು: "ಅಪ್ಪಾ ಈಸ್ ಕುಕಿಂಗ್. ಶುಡ್ ಐ ಕಾಲ್ ಸಮ್‌ವನ್?" ಮದುವೆಯಾಗಿ ಹದಿನೆಂಟು ವರ್ಷದಲ್ಲಿ ಈ ಮನುಷ್ಯ ಒಲೆ ಹಚ್ಚಿದ್ದು ಸ್ಮೋಕ್ ಅಲಾರಂ ಪರೀಕ್ಷೆ ಮಾಡಲು ಮಾತ್ರ. ಬಾಗಿಲು ತೆಗೆದರೆ ಮನೆ ತುಂಬ ಹೊಗೆ, ಹಣೆಯ ಮೇಲೆ ಹಿಟ್ಟು, ಮುಖದ ಮೇಲೆ ನಗು.

"ಪ್ರಯಾಣ ಮಾಡಿ ದಣದೀ. ಇವತ್ತ ನೀ ಕೂಡು, ನಾ ಬಡಸ್ತೀನಿ."

ಚಪಾತಿ ಎಂದರೆ ಚಪಾತಿಯೇ. ಆಕಾರ ಇರಲಿಲ್ಲ, ಆದರೆ ಮೆತ್ತಗಿದ್ದವು. ಬದನೆಕಾಯಿ ಪಲ್ಯ ಮಾತ್ರ ಅಂಗಡಿಯದು. ನಾನು ಎರಡು ತಿಂದೆ, ಮಗಳು ಒಂದು, ಅವರು ನಾಲ್ಕು. ನನಗೆ ನಿಜವಾಗಿ ಕಣ್ಣು ತುಂಬಿ ಬಂದಿತ್ತು. ಮಗಳು ಮಾತ್ರ ಸ್ವಲ್ಪ ಗ್ರೀಸ್ ವಾಸನೆ ಬರುತ್ತಿದೆ ಎಂದು ಇಂಗ್ಲಿಷಿನಲ್ಲಿ ಗೊಣಗಿದಳು. ಅಪ್ಪ ಇಷ್ಟು ಪ್ರೀತಿಯಿಂದ ಮಾಡಿದಾಗ ಹಾಗೆ ಅನ್ನಬಾರದು ಎಂದು ಗದರಿಸಿದೆ.

ಕೈ ತೊಳೆಯುತ್ತಾ ಕೇಳಿದೆ. "ಕಣಕ ಛಲೋ ಆಗಿತ್ತಲ್ರೀ, ಯಾವಾಗ ನಾದಿದ್ರಿ?"

"ನಾ ಎಲ್ಲೆ ನಾದ್ಲಿ? ಫ್ರಿಜ್ಜಿನ್ಯಾಗ ಸ್ಟೀಲ್ ಡಬ್ಬಿಯೊಳಗ ನೀನ ನಾದಿ ಇಟ್ಟಿದ್ದೆಲ್ಲ. ಒಂಚೂರು ಬಿರುಸಾಗಿತ್ತು. ನೀರು ಹಾಕಿ ಮೆತ್ತಗ ಮಾಡಿದೆ."

ನಾನು ಆ ಮನೆಯಲ್ಲಿ ಅಂದು ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಕೆಳಗಿನ ಮಹಡಿಯವರು ಕನ್ನಡ ಬಾರದಿದ್ದರೂ ಬಂದು ಬಾಗಿಲು ತಟ್ಟಿದರು. ಗಂಡ ಮೊದಲು ದಂಗಾದರು, ಆಮೇಲೆ ಹೊಟ್ಟೆ ಮುಟ್ಟಿಕೊಂಡು, "ಮುದುಕಿ ಕೈ ತೊಳಕೊಂಡಿತ್ತಿಲ್ಲ?" ಎಂದರು.

ತಕ್ಷಣ ಅಜ್ಜಿಗೆ ಫೋನ್ ಮಾಡಿ ಹೇಳಬೇಕಿತ್ತು. ನಿಮ್ಮ ಕೈಯನ್ನು ಬದನೆಕಾಯಿ ಪಲ್ಯದ ಜೊತೆ ತಿಂದೆವು ಎಂದು ಯಾವ ಬಾಯಿಂದ ಹೇಳುವುದು? ನನಗೆ ನೆನಪಿದೆ, ನೆನಪಿನಿಂದಲೇ ಕೆತ್ತುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಅವ್ವನ ಮುಟಗಿಯನ್ನು ದೂರದಿಂದ ಗುರುತಿಸುತ್ತಿದ್ದವಳಲ್ಲವೇ ನಾನು! ನೀಲಗಿರಿ ಜಾತಿಯ ಕೆಂಪು ಗಮ್ ಮರದ ತುಂಡು ತೆಗೆದುಕೊಂಡು ಎರಡು ವಾರ ಕೆತ್ತಿದೆ. ಹೆಬ್ಬೆರಳಿಗೊಂದು ತಗ್ಗು, ಬೆರಳುಗಳಿಗೆ ಮೂರು, ಹೊಳಪು ಬರುವಂತೆ ಎಣ್ಣೆ. ಶೆಡ್ಡಿನವರೆಲ್ಲ ಸುತ್ತ ನಿಂತು ಹೊಗಳಿದರು. ನಾನು ಮಾಡಿದ್ದರಲ್ಲೇ ಅತಿ ಚೆಂದದ ನಾಬ್ ಅದು. ಪಾರ್ಸೆಲ್ ಮಾಡಿದೆ.

ಬೆಟ್ಟ ಹತ್ತಲು ನಾಲ್ಕು ದಿನ ಇದೆ ಎನ್ನುವಾಗ ಅಜ್ಜಿಯ ಫೋನು ಬಂತು.

"ಬಹಳ ಚೆನ್ನಾಗಿದೆ. ಆದರೆ ಇದು ಯಾರ ಕೈ?"

ಅಡುಗೆಮನೆಯಲ್ಲಿ ನಿಂತಿದ್ದೆ. ಎಡಗೈ ತಾನಾಗಿಯೇ ಗಾಳಿಯಲ್ಲಿ ಮುಷ್ಟಿ ಹಿಡಿಯಿತು. ಎರಡು ವಾರ ಕೆತ್ತುವಾಗ ಪ್ರತಿಯೊಂದು ತಗ್ಗನ್ನೂ ಸರಿಯಾಗಿದೆಯೇ ಎಂದು ನೋಡಿದ್ದು ಈ ಕೈಯಿಂದಲೇ. ನಾನು ಕೆತ್ತಿದ್ದು ನನ್ನದೇ ಕೈಯನ್ನು. ಎಲ್ಲವನ್ನೂ ಹೇಳಿಬಿಟ್ಟೆ, ಡಬ್ಬಿ, ಗಂಡ, ಏಳು ಚಪಾತಿ. ಅಜ್ಜಿ ನಾನು ಅದುವರೆಗೆ ಕೇಳಿರದ ಒಂದು ಬೈಗುಳ ಉಪಯೋಗಿಸಿದರು. ಆಮೇಲೆ, "ಇನ್ನು ನಾಲ್ಕು ದಿನ ಇದೆಯಲ್ಲ" ಎಂದರು.

ಶನಿವಾರ ಬೆಳಿಗ್ಗೆಯ ವಿಮಾನದಲ್ಲಿ ನಾನೂ ಗಂಡನೂ ಹೋದೆವು. ಉಳಿ, ಅರ, ಸ್ಯಾಂಡ್‌ಪೇಪರ್, ಹಿತ್ತಾಳೆಯ ತಿರುಪು ಕೂರಿಸಿದ ದೊಡ್ಡ ಕಟ್ಟಿಗೆಯ ಗುಂಡು ಎಲ್ಲ ಸೂಟ್‌ಕೇಸಿನಲ್ಲಿ. ಕಣಕವನ್ನು ಅಜ್ಜಿಯ ಅಡುಗೆಮನೆಯಲ್ಲಿ ಗಂಡನೇ ನಾದಿದರು, ತಲೆ ತಗ್ಗಿಸಿಕೊಂಡು, ಶಾಲೆಯಲ್ಲಿ ಶಿಕ್ಷೆ ಅನುಭವಿಸುವವರಂತೆ. ಅಜ್ಜಿ ಮತ್ತೆ ಮಗನ ಹೆಸರು ಹೇಳಿ ಹಿಸುಕಿದರು.

ಉಂಡೆ ಕೈಗೆ ತೆಗೆದುಕೊಂಡು ನೋಡಿದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಇದ್ದವು, ಮೊದಲಿನಷ್ಟು ಆಳವಲ್ಲ. ಉಂಗುರ ಬೆರಳಿನ ಜಾಗದಲ್ಲಿ ಉಗುರಿನ ಗೀರು ಮಾತ್ರ. ಇನ್ನೊಮ್ಮೆ ಗಟ್ಟಿಯಾಗಿ ಹಿಸುಕಿ ಎನ್ನಲು ತಲೆ ಎತ್ತಿದೆ. ಅಜ್ಜಿಯ ಹಣೆಯ ಮೇಲೆ ಬೆವರಿತ್ತು. ಅವರು ಹಿಸುಕಿದ್ದೇ ಅಷ್ಟು ಗಟ್ಟಿಯಾಗಿ.

"ಗೊತ್ತು" ಎಂದರು. "ನೀನು ಮಾಡು."

ನನಗೆ ದುಃಖವಾಯಿತು, ಸಿಟ್ಟೂ ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಹತ್ತಿರದಲ್ಲಿದ್ದ ಗಂಡನ ಮೇಲೆ ಹಾಕಿದೆ. ಅಜ್ಜಿಯ ಗರಾಜಿನಲ್ಲಿ ಗುಂಡನ್ನು ಮೇಜಿನ ಇಕ್ಕುಳಕ್ಕೆ ಸಿಗಿಸಿ ಮಧ್ಯಾಹ್ನವಿಡೀ ಕೆತ್ತಿದೆವು. ಬೆಟ್ಟ ಹತ್ತುವಾಗ ಮೂರನೇ ಗೇರಿನಿಂದ ಎರಡಕ್ಕೆ ಬರಲು ಕೋಲನ್ನು ಹಿಂದಕ್ಕೆ ಎಳೆಯಬೇಕು. ಎಳೆಯಲು ಬೆರಳಿಲ್ಲದಿದ್ದರೆ ಬೇರೇನಾದರೂ ಬೇಕು. ಮುಂಭಾಗದಲ್ಲಿ ಒಂದು ಅಂಚು ಬಿಟ್ಟು, ಎರಡು ಬೆರಳೂ ಅಂಗೈಯ ಬದಿಯೂ ಅದಕ್ಕೆ ಸಿಕ್ಕಿಕೊಳ್ಳುವಂತೆ ಮಾಡಿದೆ. ಕೆತ್ತುವುದು, ಅಜ್ಜಿಯ ಕೈಗೆ ಕೊಡುವುದು, ಅವರು ಬೈಯುವುದು, ಮತ್ತೆ ಕೆತ್ತುವುದು. ಈ ಸಲ ನನ್ನ ಕೈಯಲ್ಲಿ ಒಮ್ಮೆಯೂ ಹಿಡಿದು ನೋಡಲಿಲ್ಲ. ಎಣ್ಣೆ ಹಚ್ಚಲಿಲ್ಲ, ಹೊಳಪು ಕೊಡಲಿಲ್ಲ, ಒರಟಾಗಿದ್ದರೆ ಜಾರುವುದಿಲ್ಲ. ಮುಗಿದಾಗ ಅದು ಹಸಿ ಶುಂಠಿಯ ತುಂಡಿನಂತೆ ಕಾಣುತ್ತಿತ್ತು. ಶೆಡ್ಡಿನವರಿಗೆ ತೋರಿಸಿದ್ದರೆ ಸದಸ್ಯತ್ವ ಕಿತ್ತುಕೊಳ್ಳುತ್ತಿದ್ದರು.

ಭಾನುವಾರ ಅಜ್ಜಿಯ ಹಸಿರು ಕಾರಿನ ಹಿಂದೆ ತಂಗಿಯ ಕಾರಿನಲ್ಲಿ ನಾವಿಬ್ಬರು. ಅಜ್ಜಿಯ ಪಕ್ಕದಲ್ಲಿ ಮಗ, ಐವತ್ತು ದಾಟಿದ ದಪ್ಪ ಮನುಷ್ಯ, ಮೊಣಕಾಲು ಎದೆಗೆ ಬಂದಿತ್ತು. ನೇರ ದಾರಿಯಲ್ಲಿ ತೊಂದರೆಯಿರಲಿಲ್ಲ. ಬೆಟ್ಟದ ಬುಡದಲ್ಲಿ ಎತ್ತರದ ಮರಗಳ ನಡುವೆ ದಾರಿ ಎದ್ದು ನಿಂತ ಕಡೆ ಒಂದು ತಿರುವಿದೆ. ಅಲ್ಲಿ ಹಸಿರು ಕಾರು ನಿಧಾನವಾಯಿತು. ಇಂಜಿನ್ ಉಸಿರುಗಟ್ಟಿದಂತೆ ಗುಡುಗುಡು ಎಂದಿತು. ಎರಡಕ್ಕೆ ಬರಬೇಕು, ಈಗಲೇ ಬರಬೇಕು.

"ಎಳೀರಿ, ಎಳೀರಿ" ಎಂದು ನಾನು ಮುಂದಿನ ಡ್ಯಾಶ್‌ಬೋರ್ಡಿಗೆ ಗುದ್ದುತ್ತಿದ್ದೆ. ನನ್ನ ಗಂಡ ಸ್ಟೀರಿಂಗ್ ಹಿಡಿದುಕೊಂಡೇ ನಮ್ಮೂರ ದೇವರನ್ನೆಲ್ಲ ಸಾಲಾಗಿ ಕರೆದರು.

ಕಾರು ಒಂದು ಗಳಿಗೆ ನಿಂತೇ ಹೋಯಿತು ಎನ್ನುವಂತಾಯಿತು. ಆಮೇಲೆ ಒಂದು ಕರ್ಕಶ ಶಬ್ದ, ಗೇರ್ ಬಿತ್ತು, ಕಾರು ಒದರುತ್ತಾ ತಿರುವು ಹತ್ತಿತು. ನಾನು ಗಂಡನ ತೋಳು ಕಚ್ಚಿದೆ ಎಂದು ಅವರು ಇವತ್ತಿಗೂ ಆಪಾದನೆ ಮಾಡುತ್ತಾರೆ. ಆಮೇಲೆ ಬಂದ ತಿರುವುಗಳಲ್ಲಿ ಅಜ್ಜಿ ಬೇಕೆಂದೇ ಮೂರಕ್ಕೆ ಹೋಗಿ ಎರಡಕ್ಕೆ ಬಂದರು, ಮಗನಿಗೆ ಕೇಳಿಸಲಿ ಎಂದು.

ಮೇಲೆ ಕಾರು ನಿಲ್ಲಿಸುವ ಜಾಗದಲ್ಲಿ ಮಗ ಹೊರಗೆ ಬರಲು ಸ್ವಲ್ಪ ಹೊತ್ತು ಬೇಕಾಯಿತು. ಬಂದವನು ತಾಯಿಯನ್ನು ನೋಡಿ, "ಸರಿ, ಕಾರು ಇಟ್ಟುಕೋ" ಎಂದು ಹೇಳಿ ಕಾಫಿ ತರಲು ಹೋದ. ಅವನ ಕಿವಿ ಕೆಂಪಾಗಿತ್ತು, ಆದರೆ ಮುಖದಲ್ಲಿ ಸೋತವನ ಕಳೆ ಇರಲಿಲ್ಲ.

ಅಜ್ಜಿ ಸೀಟಿನಲ್ಲೇ ಕುಳಿತಿದ್ದರು. ಬಾಗಿಲ ಬಳಿ ಹೋದಾಗ ಎಡಗೈಯನ್ನು ನಾಬ್‌ನಿಂದ ಬಿಡಿಸಿ, ಬಲಗೈಯಿಂದ ಒಂದೊಂದೇ ಬೆರಳನ್ನು ನೀವಿಕೊಳ್ಳುತ್ತಿದ್ದರು. ನೋವು ಎಷ್ಟಿದೆ ಎಂದು ನಾನು ಕೇಳಲಿಲ್ಲ, ಕಾಣುತ್ತಿತ್ತು. ಗಂಡ ಮುಂದೆ ಬಂದು, ಇಷ್ಟು ದಿನ ಬಾಯಿಪಾಠ ಮಾಡಿದ್ದ ಕ್ಷಮಾಪಣೆಯನ್ನು ಇಂಗ್ಲಿಷಿನಲ್ಲಿ ಒಪ್ಪಿಸಿದರು. ತಾನು ಅಂದು ಆ ಡಬ್ಬಿ ಮುಟ್ಟಬಾರದಿತ್ತು, ಎಲ್ಲ ತನ್ನದೇ ತಪ್ಪು ಎಂದರು. ಅಜ್ಜಿ ಪೂರ್ತಿ ಕೇಳಿದರು.

"ನೀವು ತಿಂದದ್ದು ಒಳ್ಳೆಯ ಕೈ" ಎಂದರು. "ಅಷ್ಟು ಒಳ್ಳೆಯದು ನನ್ನ ಹತ್ತಿರ ಇನ್ನಿಲ್ಲ."

ಅಜ್ಜಿ ನನ್ನ ಗಂಡನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ನೀನೆಷ್ಟು ತಿಂದೆ?"

"ನಾಲ್ಕು."

"ಚೆನ್ನಾಗಿತ್ತಾ?"

"ಬಹಳ" ಎಂದರು ನನ್ನ ಗಂಡ, ಸುಳ್ಳು ಹೇಳಲು ಬಾರದ ಮನುಷ್ಯ.

ಅಜ್ಜಿ ತಲೆಯಾಡಿಸಿ, ಎಡಗೈಯನ್ನು ಮತ್ತೆ ನಾಬ್‌ನ ಮೇಲಿಟ್ಟುಕೊಂಡರು. "ಹೋಗಲಿ ಬಿಡು. ಈ ಮೈಯಲ್ಲಿದ್ದ ಮಿಕ್ಕಿದ್ದೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ. ಇದಾದರೂ ಎಲ್ಲಿ ಹೋಯಿತೆಂದು ಗೊತ್ತಾಯಿತು."